ಪೀಪಾಯಿಯೊಳಗಿನ ಹುಳಿ

ಕಾಸರಗೋಡು ಸೀಮೆಯ ಹಳ್ಳಿಶಾಲೆಯಲ್ಲಿ ಮೂವತ್ತು ವರ್ಷ ಮದ್ಯಪಾನದ ಕೇಡನ್ನು ಬೋಧಿಸಿದ ನಾವು, ಬೇಸಗೆ ರಜೆಯಲ್ಲಿ ಕ್ಯಾಲಿಫೋರ್ನಿಯಾದ ಮಗನ ಮನೆಯಲ್ಲಿ ಒಂದು ಗುಟುಕು ಬಿಯರ್ ರುಚಿ ನೋಡಿದೆವೆಂದು ಓದುಗರಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಮಗ ಕುಡಿಯುವನೆಂದು ನಮಗೆ ತಿಳಿದದ್ದೂ ಅಂದೇ.

ಅದು ಸಾಂತಾ ರೋಸಾ ಪಟ್ಟಣದ ರಷ್ಯನ್ ರಿವರ್ ಸಂಸ್ಥೆಯ ‘ಸಪ್ಲಿಕೇಷನ್’. ಕಂದುಬಣ್ಣದ ಬಿಯರನ್ನು, ಮೊದಲು ವೈನ್ ತುಂಬಿದ್ದ ಮರದ ಪೀಪಾಯಿಗಳಲ್ಲಿ ಹುಳಿ ಚೆರ್ರಿಹಣ್ಣಿನೊಡನೆ ಒಂದು ವರ್ಷ ಇಡುತ್ತಾರೆ. ಬ್ರೆಟನೊಮೈಸಿಸ್ ಎಂಬ ಯೀಸ್ಟನ್ನೂ ಲ್ಯಾಕ್ಟೊಬ್ಯಾಸಿಲಸ್, ಪೀಡಿಯೊಕಾಕಸ್ ಎಂಬ ಬ್ಯಾಕ್ಟೀರಿಯಾಗಳನ್ನೂ ಬೇಕೆಂದೇ ಸೇರಿಸುತ್ತಾರೆ. ಸಾಮಾನ್ಯ ಬಿಯರಿನಲ್ಲಿ ಇವು ಸೇರಿದರೆ ಕೆಟ್ಟಿತೆಂದು ಚೆಲ್ಲುವರು!

ಮೂಗಿಗೆ ಹಳೆಯ ಮರದ, ಕುದುರೆಲಾಯದ ವಾಸನೆ. ನಾಲಗೆಗೆ ಹುಣಿಸೆಯಂಥ ಹುಳಿ. ಬಳಿಕ ಚೆರ್ರಿ, ತುಸು ಒಗರು. ನಾವು ಅಂಜಿದ್ದ ಕಹಿ ಮಾತ್ರ ಕಾಣಲಿಲ್ಲ.

“ಕೆಟ್ಟಿದೆಯಲ್ಲೋ” ಎಂದೆವು.

“ಅಮ್ಮ ಹುಳಿ ಬರಿಸುವ ದೋಸೆಹಿಟ್ಟು ಕೆಟ್ಟದ್ದೇ, ಅಪ್ಪಾ?” ಎಂದ.

ಮೊಸರನ್ನು ಹುಳಿಯಾಗಿಸುವುದೂ ಲ್ಯಾಕ್ಟೊಬ್ಯಾಸಿಲಸ್ ಬಳಗವೇ ಎಂದು ಕರಿಹಲಗೆಯ ಮೇಲೆ ಬರೆದವರು ನಾವೇ. ಉತ್ತರ ಹೊಳೆಯಲಿಲ್ಲ. ನೂರಕ್ಕೆ 7 ಪಾಲು ಮದ್ಯಸಾರವಿದ್ದ ಲೋಟವನ್ನು ಅವನತ್ತ ಸರಿಸಿದೆವು. ಎಂದಿನಿಂದ ಕುಡಿಯುತ್ತಿರುವೆಯೆಂದು ಕೇಳಲು ಬಾಯಿ ಬರಲಿಲ್ಲ.