ಗೆದ್ದವರ ದಾಳ, ಸೋತವರ ರಸೀದಿ

ಸಂಗ್ರಹದ ಹವ್ಯಾಸವುಳ್ಳವರಲ್ಲಿ ಬಗೆಬಗೆಯವರಿದ್ದಾರೆ. ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಇವುಗಳನ್ನು ಕೂಡಿಡುವವರನ್ನು ನಾವೆಲ್ಲ ಬಲ್ಲೆವು. ಜೂಜಿನ ಹಳೆಯ ಸಾಧನಗಳನ್ನು ಕೂಡಿಡುವವರೂ ಉಂಟು. ದಾಳ, ಕವಡೆ, ಪಗಡೆಯ ಹಾಸು, ಗಂಜೀಫಾ ಎಲೆ ಇವೇ ಅವರ ಐಶ್ವರ್ಯ. ಅಂಥ ಸಂಗ್ರಹಗಳನ್ನು ನೋಡುವುದು ನನಗೂ ಪ್ರಿಯವೇ. ಆದರೆ ನೋಡಿ ಹಿಂದಿರುಗುವಾಗ ಒಂದು ಪ್ರಶ್ನೆ ಬೆನ್ನುಹತ್ತುತ್ತದೆ: ಈ ದಾಳಗಳಿಂದ ಸೋತವರು ಏನಾದರು?

ಮೊಹೆಂಜೊದಾರೊವಿನ ಅಗೆತದಲ್ಲಿ ಘನಾಕಾರದ ದಾಳಗಳು ದೊರೆತಿವೆ. ಅವು ನಾಲ್ಕು ಸಾವಿರ ವರ್ಷಗಳಷ್ಟು ಹಳೆಯವು. ಇಂದಿನ ದಾಳದಲ್ಲಿ ಎದುರುಬದುರಿನ ಮುಖಗಳ ಚುಕ್ಕೆಗಳನ್ನು ಕೂಡಿದರೆ 7 ಆಗುತ್ತದೆ. ಅಲ್ಲಿ ದೊರೆತವುಗಳಲ್ಲಿ ಸಾಮಾನ್ಯವಾಗಿ 1ಕ್ಕೆ ಎದುರು 2, 3ಕ್ಕೆ 4, 5ಕ್ಕೆ 6. ಘನವು ಸಮವಾಗಿದ್ದರೆ ಯಾವ ಮುಖ ಮೇಲೆ ಬೀಳುವ ಸಂಭವವೂ ಆರರಲ್ಲಿ ಒಂದೇ. ಚುಕ್ಕೆಗಳ ಜೋಡಣೆ ಬದಲಾದ ಮಾತ್ರಕ್ಕೆ ಆಡುವವನ ಭಾಗ್ಯ ಬದಲಾಗದು. ಈ ಪುಟ್ಟ ವಸ್ತುಗಳು ನಮ್ಮವರೆಗೆ ಬಂದಿವೆ. ಇವುಗಳನ್ನು ಉರುಳಿಸಿ ಕಳೆದುಕೊಂಡವರ ಮಾತು ಮಾತ್ರ ಬಂದಿಲ್ಲ.

ವೇದಕಾಲದ ಕಥೆ ಇದಕ್ಕೆ ತೀರ ವಿರುದ್ಧ. ಆಗ ದಾಳಕ್ಕೆ ಬಳಸುತ್ತಿದ್ದುದು ತಾರೆಕಾಯಿ, ಇಂದು ನಾವು ತ್ರಿಫಲೆಯ ಚೂರ್ಣಕ್ಕೆ ಕುಟ್ಟುವ ಅದೇ ಕಾಯಿ. ಆ ಕಾಯಿಗಳು ಮಣ್ಣಾಗಿ ಹೋದವು. ಆದರೆ ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತದಲ್ಲಿ ಸೋತವನ ಅಳಲು ಹಾಗೆಯೇ ಉಳಿದಿದೆ. ಹೆಂಡತಿ ದೂರವಾಗಿದ್ದಾಳೆ, ಅತ್ತೆ ದ್ವೇಷಿಸುತ್ತಾಳೆ, ಸಾಲದ ಭಯ ಕಾಡುತ್ತಿದೆ. ಆದರೂ ದಾಳದ ಸದ್ದು ಕೇಳಿದೊಡನೆ ಕಾಲು ಅತ್ತಲೇ ಎಳೆಯುತ್ತದೆ. ಜೂಜನ್ನು ಬಿಟ್ಟು ಬೇಸಾಯ ಮಾಡೆಂಬ ಬುದ್ಧಿವಾದವೂ ಅಲ್ಲಿಯೇ ಇದೆ.

ರಾಜ್ಯಭಾರ ನಡೆಸುವವರು ಈ ವ್ಯಸನವನ್ನು ನೋಡಿದ ಬಗೆಯೇ ಬೇರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಜೂಜಿಗೆಂದೇ ಒಬ್ಬ ಅಧ್ಯಕ್ಷನಿದ್ದಾನೆ. ಅವನು ಗೊತ್ತುಮಾಡಿದ ಸ್ಥಳದಲ್ಲಲ್ಲದೆ ಬೇರೆಡೆ ಆಡಿದವನಿಗೆ 12 ಪಣಗಳ ದಂಡ. ಶುದ್ಧವಾದ ದಾಳಗಳನ್ನು ಒದಗಿಸುವುದು ಅಧಿಕಾರಿಯ ಕೆಲಸ. ಅವುಗಳನ್ನು ಬದಲಿಸಿದವನಿಗೂ 12 ಪಣ. ಗೆದ್ದ ಹಣದಲ್ಲಿ ನೂರಕ್ಕೆ ಐದು ಭಾಗ, ಅದರ ಮೇಲೆ ದಾಳದ ಬಾಡಿಗೆ ಬೇರೆ. ಗೆದ್ದವನಿಗೂ ಬೊಕ್ಕಸಕ್ಕೂ ಇಲ್ಲಿ ಲೆಕ್ಕವುಂಟು. ಸೋತವನು ಮನೆಗೆ ಏನನ್ನು ಒಯ್ದನೆಂಬ ಲೆಕ್ಕ ಯಾವ ಕಡತದಲ್ಲಿಯೂ ಸೇರಲಿಲ್ಲ.

ಆಟದ ಸಾಮಾನೆಲ್ಲ ಜೂಜಿನ ಸಾಮಾನಲ್ಲವೆಂಬುದನ್ನೂ ಹೇಳಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಗಂಜೀಫಾ ಆಟಕ್ಕೆ ಎಷ್ಟೋ ಹೊಸ ಬಗೆಗಳನ್ನು ಕಲ್ಪಿಸಿದರು. ದಶಾವತಾರದ ಕಟ್ಟಿನಲ್ಲಿ 120 ಎಲೆ. ಒಂದೊಂದು ಅವತಾರಕ್ಕೆ ಹನ್ನೆರಡು. ಆ ಗುಂಡನೆಯ ಎಲೆಗಳ ಕುಂಚದ ಕೆಲಸಕ್ಕೆ ಮನಸೋಲದವರಾರು? ಎಲೆಯಲ್ಲಾಗಲಿ ದಾಳದಲ್ಲಾಗಲಿ ದೋಷವಿಲ್ಲ. ಪಣ ಬಂದು ಸೇರಿದಾಗಲೇ ಆಟವು ಜೂಜಾಗುವುದು. ದಂತದ ದಾಳಗಳದು ಬೇರೆಯೇ ಪಾಪ. ಅಲ್ಲಿ ಮೊದಲು ಸೋತದ್ದು ಆನೆ. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಈಗ ದಂತದ ವ್ಯಾಪಾರ ನಿಷಿದ್ಧವೆಂಬುದನ್ನು ಸಂಗ್ರಾಹಕರು ಮರೆಯಬಾರದು.

ನನ್ನ ತಾಯಿಯ ತವರಿನಲ್ಲಿ ಒಂದು ಜೊತೆ ಹಿತ್ತಾಳೆಯ ದಾಳವಿದ್ದಿತು. ಉದ್ದನೆಯ, ನಾಲ್ಕು ಮುಖದ, ಅಂಚು ಸವೆದು ನುಣುಪಾದ ದಾಳ. ಅಜ್ಜಿಯ ಮಾವನವರು ಕಾಲುವೆಯ ಪಕ್ಕದ ಗದ್ದೆಯನ್ನು ಅದರ ಮೇಲೆಯೇ ಕಳೆದರಂತೆ. ಅಜ್ಜಿ ಅದನ್ನು ಮಾರಲಿಲ್ಲ, ಬಾವಿಗೂ ಎಸೆಯಲಿಲ್ಲ. ಆ ಗದ್ದೆಯ ಹಳೆಯ ಕಂದಾಯದ ರಸೀದಿಯೊಡನೆ ಒಂದೇ ಗಂಟಿನಲ್ಲಿ ಕಟ್ಟಿ ಇಟ್ಟಿದ್ದರು. ಮಕ್ಕಳು ಕಾಡಿದರೆ ಗಂಟು ಬಿಚ್ಚಿ ಎರಡನ್ನೂ ತೋರಿಸುವರು. “ಇದು ಆಡಿದ್ದು ಮಗು, ಇದು ಹೋದದ್ದು” ಎನ್ನುವರು. ದಾಳವೊಂದನ್ನೇ ಎಂದೂ ತೋರಿಸಲಿಲ್ಲ. ನಾನು ಕಂಡ ಸಂಗ್ರಹಗಳಲ್ಲಿ ಅಷ್ಟು ಪೂರ್ಣವಾದುದು ಮತ್ತೊಂದಿಲ್ಲ.

ಈಗ ಜೂಜಿಗೆ ದಾಳವೇ ಬೇಡವಾಗಿದೆ. ಕೈಯಲ್ಲಿನ ಫೋನಿನೊಳಗೇ ಗರ ಬೀಳುತ್ತದೆ. ಎಷ್ಟೋ ಸಂಸಾರಗಳು ಹಾಳಾದ ಮೇಲೆ, 2025ರ ಆಗಸ್ಟಿನಲ್ಲಿ, ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಸಂಸತ್ತು ಅಂಗೀಕರಿಸಿತು. ಹಳೆಯ ದಾಳವನ್ನಾದರೋ ಎದುರು ಮೂಲೆಗಳಲ್ಲಿ ಎರಡು ಬೆರಳ ನಡುವೆ ಸಡಿಲವಾಗಿ ಹಿಡಿದರೆ, ಸೀಸ ತುಂಬಿದ ಭಾಗ ತಾನಾಗಿ ಕೆಳಕ್ಕೆ ತಿರುಗಿ ಮೋಸವನ್ನು ಹೇಳುತ್ತಿತ್ತು. ಫೋನಿನ ದಾಳವನ್ನು ಹಿಡಿಯುವುದೆಲ್ಲಿ, ತೂಗುವುದೆಲ್ಲಿ? ಅದರಲ್ಲಿ ಸವೆಯುವ ಅಂಚೂ ಇಲ್ಲ, ಹೊಳೆಯುವ ಹಿತ್ತಾಳೆಯೂ ಇಲ್ಲ. ನಾಳಿನ ಸಂಗ್ರಾಹಕರು ನಮ್ಮ ಕಾಲದ ಜೂಜಿನಿಂದ ಏನನ್ನಾದರೂ ಎತ್ತಿಡಬೇಕೆಂದರೆ, ಅವರಿಗೆ ದೊರೆಯುವುದು ರಸೀದಿ ಮಾತ್ರ.