ಹದಿನೇಳು ನಿಮಿಷದ ಸಂಸಾರ

ಮಗಳ ಬಾಣಂತನಕ್ಕೆಂದು ಮಾರ್ಚ್‌ನಲ್ಲಿ ಓಹಾಯೋದ ಕೊಲಂಬಸ್‌ಗೆ ಹೋಗಿದ್ದೆ. ಪಕ್ಕದ ಮನೆಯವರು ನಿವೃತ್ತ ಮೇಷ್ಟ್ರು. ನನ್ನದೇ ವಯಸ್ಸು, ಆದರೂ ಮಗಳು ಕರೆಯುವುದನ್ನು ಕೇಳಿಕೇಳಿ ಅವರೂ ನನ್ನನ್ನು ‘ಅಮ್ಮ’ ಎನ್ನತೊಡಗಿದರು. ಒಂದು ಸಂಜೆ, “ಅಮ್ಮ, ನನ್ನ ಹಾವುಗಳನ್ನ ನೋಡ್ತೀರಾ?” ಎಂದರು. ಬೇಡ ಎನ್ನಬೇಕು ಎಂದುಕೊಳ್ಳುವಷ್ಟರಲ್ಲಿ ನೆಲಮಾಳಿಗೆಯ ಮೆಟ್ಟಿಲಿಳಿಯುತ್ತಿದ್ದೆ.

ಗೋಡೆಯುದ್ದಕ್ಕೂ ಕಬ್ಬಿಣದ ರ‍್ಯಾಕು. ಅದರ ತುಂಬ, ನಾವು ಅಕ್ಕಿ ಬೇಳೆ ತುಂಬಿಡುವಂಥ ಪ್ಲಾಸ್ಟಿಕ್ ಡಬ್ಬಗಳು. ಗಾಳಿಗೆ ತೂತು, ಒಳಗೆ ಮರದ ಹೊಟ್ಟು, ಒಂದು ಬಟ್ಟಲು ನೀರು. ಡಬ್ಬಕ್ಕೊಂದೇ ಹಾವು. ಕಾರ್ನ್ ಸ್ನೇಕ್ ಎಂದು ಹೆಸರು; ವಿಷವಿಲ್ಲ. ಕಿತ್ತಳೆ ಮೈಗೆ ಕೆಂಪು ಮಚ್ಚೆ. ಹೊಟ್ಟೆ ತಿರುಗಿಸಿದರೆ ಕಪ್ಪು ಬಿಳಿ ಚೌಕಗಳು, ಬಣ್ಣದ ಮುಸುಕಿನ ಜೋಳದ ತೆನೆಯ ಹಾಗೆ.

“ಗಂಡು ಹೆಣ್ಣು ಒಟ್ಟಿಗೇ ಇಡಬಾರದೇ? ಪಾಪ, ಬೇಜಾರಾಗೋಲ್ವೇ?” ಎಂದೆ. ಮೇಷ್ಟ್ರು ನಕ್ಕರು. ಒಂದೇ ಇಲಿಯ ತಲೆಯನ್ನು ಒಂದು, ಬಾಲವನ್ನು ಇನ್ನೊಂದು ಹಿಡಿದರೆ ನುಂಗುತ್ತ ನುಂಗುತ್ತ ಎರಡು ಬಾಯಿಗಳೂ ಎದುರಾಗುತ್ತವೆ. ಆಮೇಲೆ ದೊಡ್ಡದು ನಿಲ್ಲಿಸದೆ ಚಿಕ್ಕದನ್ನೂ ನುಂಗಬಹುದು. ಒಂದು ಕಕ್ಕಿಕೊಂಡರೆ ಕಾಯಿಲೆ ಯಾವುದಕ್ಕೆಂದು ತಿಳಿಯದು. ಎಳೆ ಹೆಣ್ಣಿನ ಜೊತೆ ಗಂಡನ್ನು ಬಿಟ್ಟರಂತೂ ಮೈ ಬಲಿಯುವ ಮುಂಚೆಯೇ ಬಸಿರಾಗಿ, ಮೊಟ್ಟೆ ಒಳಗೇ ಸಿಕ್ಕಿಕೊಂಡು ಸತ್ತೇಹೋಗಬಹುದು. ಮೂರು ವರ್ಷ, ಮೂರಡಿ, 300 ಗ್ರಾಂ ಆಗದೆ ಹೆಣ್ಣನ್ನು ಕೂಡಿಸುವಂತಿಲ್ಲ ಎಂಬುದು ಸಾಕುವವರ ಲೆಕ್ಕ. ನನ್ನ ಅಜ್ಜಿಗೆ ಹನ್ನೊಂದಕ್ಕೇ ಮದುವೆಯಾಗಿತ್ತು!

ಚಳಿಗಾಲಕ್ಕೆ ಮುಂಚೆ ಹಾವುಗಳ ಹೊಟ್ಟೆ ಖಾಲಿ ಮಾಡಿಸಿ, ಎರಡು ಮೂರು ತಿಂಗಳು ಕತ್ತಲಲ್ಲಿ, ಸುಮಾರು 13 ಡಿಗ್ರಿ ತಂಪಿನಲ್ಲಿ ಮಲಗಿಸುತ್ತಾರೆ. ಎದ್ದು, ನಾಲ್ಕು ಇಲಿ ತಿಂದು, ಹೆಣ್ಣು ಮೊದಲ ಪೊರೆ ಕಳಚಿದಾಗ ಅದರ ಮೈವಾಸನೆ ಬದಲಾಗುತ್ತದೆ. ಆ ದಿನಕ್ಕಾಗಿ ಕಾಯಬೇಕು.

ಏಪ್ರಿಲ್‌ನಲ್ಲಿ ಆ ದಿನ ಬಂತು. ಮಗುವನ್ನು ಮಲಗಿಸಿ ಓಡಿದೆ. ಹೆಣ್ಣಿನ ಡಬ್ಬಕ್ಕೆ ಗಂಡನ್ನು ಬಿಟ್ಟರು. ಅದು ನಾಲಿಗೆ ಚಾಚುತ್ತ ಅರೆಗಳಿಗೆ ನಿಂತಿತು. ಆಮೇಲೆ ಮೈಯೆಲ್ಲ ಬಿಕ್ಕಳಿಕೆ ಬಂದಂತೆ ತುಣುಕು ತುಣುಕಾಗಿ ಅದುರಿತು. ಹೆಣ್ಣಿನ ಬೆನ್ನಗುಂಟ ಗದ್ದವೂರಿಕೊಂಡು ಹರಿಯಿತು. ಹೆಣ್ಣು ಡಬ್ಬದೊಳಗೆ ಎರಡು ಸುತ್ತು ಓಡಿತು, ಮೂರನೆಯದಕ್ಕೆ ನಿಂತು ಬಾಲ ಎತ್ತಿತು. ಎರಡು ಬಾಲಗಳು ಹೆಣೆದುಕೊಂಡವು. ಮಿಕ್ಕ ಮೈಯೆಲ್ಲ ಹಗ್ಗ ಬಿದ್ದಂತೆ ಸುಮ್ಮನೆ. ಗಡಿಯಾರ ನೋಡಿದೆ, ಹದಿನೇಳು ನಿಮಿಷ. ಬಿಡಿಸಿಕೊಂಡ ಕೂಡಲೇ ಮೇಷ್ಟ್ರು ಗಂಡನ್ನು ಅದರ ಡಬ್ಬಕ್ಕೆ ವಾಪಸು ಹಾಕಿದರು. ಎರಡಕ್ಕೂ ಹಾಯೆನಿಸಿದಂತಿತ್ತು.

ಮೇ ಕೊನೆಗೆ, ಒದ್ದೆ ಪಾಚಿ ತುಂಬಿದ ಪುಟ್ಟ ಡಬ್ಬಿಯಲ್ಲಿ ಹದಿಮೂರು ಮೊಟ್ಟೆ. ಕೋಳಿಮೊಟ್ಟೆಯ ಗಟ್ಟಿ ಚಿಪ್ಪಲ್ಲ, ಒತ್ತಿದರೆ ತೊಗಲಿನಂತೆ ತಗ್ಗುತ್ತದೆ. ತಿರುಗಿದರೆ ಒಳಗಿನ ಜೀವ ಹೋದೀತೆಂದು ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, 28 ಡಿಗ್ರಿ ಕಾವಿಗಿಟ್ಟರು. ತಾಯಿ ತಿರುಗಿಯೂ ನೋಡಲಿಲ್ಲ. ಪಕ್ಕದಲ್ಲಿ, ನಮ್ಮ ಮನೆಯಲ್ಲಿ ನನ್ನ ಬಾಣಂತಿ, ಮಗು ಕೆಮ್ಮಿದರೆ ಮೂರು ಸಲ ಎದ್ದು ಕೂರುತ್ತಿದ್ದಳು. ಎರಡು ತಿಂಗಳಿಗೆ ಮೊಟ್ಟೆ ಸೀಳಿ, ಅಂಟಂಟು ಮೂತಿಯೊಂದು ಹೊರಬಂತು. ನಮ್ಮನ್ನು ನೋಡಿ ಮತ್ತೆ ಒಳಗೆ ಹೋಯಿತು. ಪೂರ್ತಿ ಹೊರಬರಲು ಅದಕ್ಕೆ ಒಂದು ದಿನ ಬೇಕಾಯಿತು. ಹದಿಮೂರು ಮರಿಗೆ ಹದಿಮೂರು ಡಬ್ಬಿ.

ನಮ್ಮಲ್ಲಿ ಕೇರೆಹಾವು ಸಾಕಿದರೂ 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಕಲ್ಲಿನಲ್ಲಿ ಕೆತ್ತಿ ಪೂಜಿಸಬಹುದು ಅಷ್ಟೇ. ಹೊರಡುವ ಮುನ್ನ ಮೇಷ್ಟ್ರಿಗೆ ನಮ್ಮೂರ ಅಶ್ವತ್ಥಕಟ್ಟೆಯ ನಾಗರಕಲ್ಲಿನ ಫೋಟೊ ತೋರಿಸಿದೆ. ಬುಡದಿಂದ ಹೆಣೆದುಕೊಂಡು ಎದುರೆದುರು ತಲೆ ಎತ್ತಿದ ಜೋಡಿ. ಅವರು ಬೆರಳಲ್ಲಿ ಹಿಗ್ಗಿಸಿ ನೋಡಿ, “ಅಮ್ಮ, ಹೀಗೆ ಎದೆ ಎತ್ತಿ ಹೆಣೆದುಕೊಳ್ಳೋದು ಎರಡು ಗಂಡುಗಳು. ಕುಸ್ತಿ ಅದು” ಎಂದರು.

ಐದು ವರ್ಷ ಮಗಳಿಗೆ ಮಕ್ಕಳಾಗದಿದ್ದಾಗ ನಾನು ಹಾಲೆರೆದದ್ದು ಆ ಕಲ್ಲಿಗೇ. ಅದನ್ನು ಅವರಿಗೆ ಹೇಳಲಿಲ್ಲ.