ಲೈಟಿನ ಬುಡಕ್ಕೆ ಕೊಂಬಿನ ಹುಳ

ಮಳಿ ಬಿದ್ದ ಸಂಜಿ ರೋಣ, ನರಗುಂದ, ಗಜೇಂದ್ರಗಡದ ಕಡೆ ಲೈಟಿನ ಬುಡಕ್ಕೆ ಹೆಬ್ಬೆರಳಿನಷ್ಟು ಕರೀ ಹುಳ ಧೊಪ್ಪನೆ ಬಿದ್ದರೆ ಮನಿಮಂದಿ ಹೌಹಾರುತ್ತಾರೆ. ವಿಷದ ಹುಳವೇ? ಅಲ್ಲ, ಮನುಷ್ಯರ ತಂಟೆಗೇ ಬರದು. ನಾಲ್ಕೈದು ಸೆಂ.ಮೀ. ಉದ್ದ, ತಲೆ ಮೇಲೆ ಹಿಂದಕ್ಕೆ ಬಾಗಿದ ಒಂಟಿ ಕೊಂಬು ಇದ್ದರೆ ಅದು ರೈನೋಸರಸ್ ದುಂಬಿ. ಕೊಂಬು ಉದ್ದವಿದ್ದರೆ ಗಂಡು. ಗಿಡ್ಡವಿದ್ದು ಹಿಂಬದಿಗೆ ಕೂದಲಿದ್ದರೆ ಹೆಣ್ಣು.

ಹೆದರಬೇಕಾದವರು ಹಿತ್ತಿಲಲ್ಲಿ ತೆಂಗು ಬೆಳೆಸಿದವರು! ಎಳೆ ಸುಳಿ ಕೊರೆಯುವುದು ಇದೇ ದುಂಬಿ. ಆಮೇಲೆ ಬಿಚ್ಚಿಕೊಂಡ ಗರಿ ಕತ್ತರಿ ಆಡಿಸಿದಂತೆ ಕಾಣುತ್ತದೆ.

ಬಿದ್ದ ಒಂದನ್ನು ತುಳಿದರೆ ಕೆಲಸ ಮುಗೀತೇನು? ತಿಪ್ಪಿ ಕೆದರಿ ನೋಡಬೇಕು. ಇದರ ದಪ್ಪ ಬಿಳೀ ಮರಿಗಳು ತಿಂಗಳುಗಟ್ಟಲೆ ಗೊಬ್ಬರ ತಿಂದು ಬಲಿಯುವುದು ಅಲ್ಲೇ. ಮೆಟಾರೈಜಿಯಂ ಎಂಬ ಹಸಿರು ಬೂಷ್ಟನ್ನು ತಿಪ್ಪಿಗೆ ಬೆರೆಸಿದರೆ ಮರಿಗಳು ರೋಗ ಹತ್ತಿ ಸಾಯುತ್ತವೆ. ಕೆದರಿ ಒಗೆದರೂ ಆದೀತು; ಕೋಳಿಗೆ ಹಬ್ಬ.